ಗಣಕಯಂತ್ರಕ್ಕೆ ಹತ್ತು ಮಾತು ಕಲಿಸುವ ಬಗೆ

ಬಾಯಿಂದ ನುಡಿದುದನ್ನು ಅಕ್ಷರವಾಗಿಸುವ ಯಂತ್ರ ಇಂದು ಯಾರಿಗೂ ಅದ್ಭುತವಾಗಿ ಉಳಿದಿಲ್ಲ. ಓದುಬರಹ ಬಾರದವರೂ ಮೊಬೈಲಿನ ಮೈಕ್ ಗುರುತನ್ನು ಒತ್ತಿ, ಬೇಕಾದ ಹಾಡಿನ ಹೆಸರನ್ನು ಹೇಳಿ, ಅದನ್ನು ಹುಡುಕಿಸಿಕೊಳ್ಳುತ್ತಾರೆ. ಬರೆಯಲು ಬೇಸರಪಡುವವರು ಉದ್ದುದ್ದ ಸಂದೇಶಗಳನ್ನು ಮಾತಿನಲ್ಲಿಯೇ ಬರೆಸಿ ಕಳುಹಿಸುತ್ತಾರೆ. ಇದು ನಡೆಯುವ ಬಗೆ ಹೇಗೆಂದು ಕೇಳಿದರೆ ಬಹುಮಂದಿ ಕೊಡುವ ಉತ್ತರವೂ ಒಂದೇ: ಯಂತ್ರದೊಳಗೆ ಪದಗಳ ಧ್ವನಿಯನ್ನು ಮೊದಲೇ ತುಂಬಿಟ್ಟಿರುತ್ತಾರೆ, ನಾವು ಆಡಿದ ಮಾತನ್ನು ಅದು ಆ ಸಂಗ್ರಹದೊಡನೆ ತಾಳೆ ನೋಡುತ್ತದೆ, ಯಾವುದಕ್ಕೆ ಹೊಂದಿತೋ ಅದನ್ನು ಎತ್ತಿ ತೋರಿಸುತ್ತದೆ. ಈ ಉತ್ತರದಲ್ಲಿ ತಪ್ಪಿಲ್ಲ. ಆದರೆ ತಾಳೆ ನೋಡುವುದೆಂದರೆ ಏನು ಮಾಡುವುದು ಎಂದು ಬಿಡಿಸಿ ಕೇಳಿದೊಡನೆಯೇ ಒಂದು ವಿಚಿತ್ರವಾದ ಕಷ್ಟ ಎದುರಾಗುತ್ತದೆ. ಅದೇನೆಂದರೆ, ಯಾವ ಮನುಷ್ಯನೂ ಒಂದೇ ಪದವನ್ನು ಎರಡು ಸಲ ಒಂದೇ ರೀತಿಯಲ್ಲಿ ಉಚ್ಚರಿಸಲಾರ.

ತೆಂಗಿನಕಾಯಿ ಎಷ್ಟು ಕೊಡಲಿ ಎಂದು ಅಂಗಡಿಯವನು ಕೇಳಿದಾಗ ಥಟ್ಟನೆ ಬರುವ ‘ಆರು’ ಎಂಬ ಉತ್ತರ ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಮುಗಿದುಹೋಗಬಹುದು. ಕಿವಿ ಮಂದವಾದ ಅಜ್ಜನಿಗೆ ಅದನ್ನೇ ಬಿಡಿಸಿ ಹೇಳಬೇಕಾದಾಗ, ಆಕಾರ ಹಿಗ್ಗಿ, ರಕಾರ ತಡವಾಗಿ ಬಂದು, ಕೊನೆಯ ಉಕಾರವೂ ಎಳೆದುಕೊಂಡು, ಅದೇ ಮಾತು ಒಂದು ಸೆಕೆಂಡಿನವರೆಗೂ ಬೆಳೆಯಬಹುದು. ಹಿಗ್ಗುವಾಗಲೂ ಅದು ಸಮನಾಗಿ ಹಿಗ್ಗುವುದಿಲ್ಲ: ಸ್ವರಗಳು ಬಹಳವಾಗಿ ಬೆಳೆಯುತ್ತವೆ, ವ್ಯಂಜನಗಳು ಬಹುಮಟ್ಟಿಗೆ ಇದ್ದಂತೆಯೇ ಇರುತ್ತವೆ. ಕೇಳುವ ಮನುಷ್ಯನಿಗೆ ಎರಡೂ ಒಂದೇ ‘ಆರು’. ಕೇವಲ ಸಂಖ್ಯೆಗಳನ್ನಷ್ಟೇ ಬಲ್ಲ ಯಂತ್ರಕ್ಕೆ ಅವೆರಡೂ ಒಂದೇ ಎಂದು ಮನಗಾಣಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರವನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ, ಮನೆಯ ಮೇಜಿನ ಮೇಲಿನ ಸಾಮಾನ್ಯ ಗಣಕಯಂತ್ರದಲ್ಲಿ ಅದನ್ನು ಮಾಡಿಯೇ ನೋಡುವುದು ಲೇಸೆಂದು ನನ್ನ ನಂಬಿಕೆ. ಒಂದರಿಂದ ಹತ್ತರವರೆಗಿನ ಕನ್ನಡ ಸಂಖ್ಯೆಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಒಂದೊಂದು ಕೆಲಸವನ್ನು ಮಾಡುವ—‘ಒಂದು’ ಎಂದರೆ ಪತ್ರ ಬರೆಯುವ ತಂತ್ರಾಂಶವನ್ನು ತೆರೆಯುವ, ‘ಎರಡು’ ಎಂದರೆ ಹಾಡನ್ನು ನಿಲ್ಲಿಸುವ—ಒಂದು ಕಿರಿಯ ಆದೇಶಮಾಲೆಯನ್ನು ಪೈಥಾನ್ ಭಾಷೆಯಲ್ಲಿ ನೂರಿನ್ನೂರು ಸಾಲುಗಳೊಳಗೆ ಬರೆಯಬಹುದು. ತಂತ್ರಜ್ಞರು ಇಂಥದನ್ನು ಸ್ಕ್ರಿಪ್ಟ್ ಎನ್ನುತ್ತಾರೆ. ಕೈಬೆರಳುಗಳಿಗೆ ಕೀಲಿಮಣೆ ಒಗ್ಗದವರಿಗೆ ಇಷ್ಟು ಸಣ್ಣ ಉಪಕರಣವೂ ದೊಡ್ಡ ಸಹಾಯವಾಗಬಲ್ಲುದು. ಅದರ ಸಾಲುಗಳನ್ನು ಇಲ್ಲಿ ಕೊಡುವುದಿಲ್ಲ. ಅದರ ಒಡಲಿನಲ್ಲಿ ನಡೆಯುವುದೇನೆಂಬುದಷ್ಟೇ ನಮಗೆ ಪ್ರಕೃತ.

ಅಲೆಯಿಂದ ಅಂಕಿಗೆ

ಮೈಕಿನ ಒಳಗಿರುವ ತೆಳುವಾದ ಪೊರೆ ಗಾಳಿಯ ಒತ್ತಡಕ್ಕೆ ಅನುಸಾರವಾಗಿ ಅದುರುತ್ತದೆ. ಆ ಅದುರು ವಿದ್ಯುತ್ತಿನ ಏರಿಳಿತವಾಗುತ್ತದೆ. ಆ ಏರಿಳಿತವನ್ನು ಗಣಕಯಂತ್ರದ ಧ್ವನಿಮಂಡಲ ಸೆಕೆಂಡಿಗೆ 16,000 ಬಾರಿ ಅಳೆದು ಅಳತೆಗಳನ್ನು ಸಾಲಾಗಿ ಬರೆದಿಡುತ್ತದೆ. ಒಂದೊಂದು ಅಳತೆಯೂ −32,768ರಿಂದ 32,767ರ ನಡುವಣ ಒಂದು ಪೂರ್ಣಾಂಕ. ಇದಕ್ಕಿಂತ ನಿಬಿಡವಾಗಿ ಅಳೆಯಲು ಯಂತ್ರ ಸಮರ್ಥವಾದರೂ ಮಾತಿಗೆ ಇಷ್ಟು ಸಾಕು. ಏಕೆಂದರೆ ಈ ವೇಗದಲ್ಲಿ ಅಳೆದಾಗ ಸೆಕೆಂಡಿಗೆ 8,000 ಕಂಪನಗಳವರೆಗಿನ ಧ್ವನಿ ನಷ್ಟವಾಗದೆ ಉಳಿಯುತ್ತದೆ, ಮಾತಿನ ಸಾರವೆಲ್ಲವೂ ಆ ಎಲ್ಲೆಯೊಳಗೇ ಇರುತ್ತದೆ.

ಅರ್ಧ ಸೆಕೆಂಡಿನ ‘ಆರು’ ಹೀಗೆ 8,000 ಅಂಕಿಗಳ ಸಾಲಾಯಿತು. ಇನ್ನೊಮ್ಮೆ ಹೇಳಿದ ‘ಆರು’ ಇನ್ನೊಂದು ಸಾಲು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಂಕಿಗೆ ಅಂಕಿಯನ್ನು ಹೋಲಿಸಿದರೆ, ಮಾತಾಡಿದವರು ಒಬ್ಬರೇ ಆಗಿದ್ದರೂ, ಕಾಲದ ವ್ಯತ್ಯಾಸ ಲೇಶವೂ ಇಲ್ಲವೆಂದು ಭಾವಿಸಿದರೂ, ಅವು ಒಂದನ್ನೊಂದು ಹೋಲುವುದಿಲ್ಲ. ಬಾಯಿ ಮೈಕಿನಿಂದ ನಾಲ್ಕು ಬೆರಳು ದೂರ ಸರಿದರೆ ಅಂಕಿಗಳು ಕುಗ್ಗುತ್ತವೆ. ಗಂಟಲಿನ ಧ್ವನಿತಂತುಗಳ ಮಿಡಿತ ತುಸು ಮುಂಚೆ ತೊಡಗಿದರೆ ಶಿಖರವಿದ್ದಲ್ಲಿ ತಗ್ಗು ಬೀಳುತ್ತದೆ. ಕಿವಿ ಇವಾವುದನ್ನೂ ಲೆಕ್ಕಿಸುವುದಿಲ್ಲ. ಆದುದರಿಂದ ಅಲೆಯನ್ನು ಬಿಟ್ಟು, ಕಿವಿ ಯಾವುದನ್ನು ಲೆಕ್ಕಿಸುತ್ತದೋ ಅದನ್ನು ಹುಡುಕಬೇಕು.

ಧ್ವನಿಯ ಚಹರೆ

ಮಾತನಾಡುವಾಗ ಗಂಟಲಿನಿಂದ ಹೊರಡುವ ನಾದ ಹೆಚ್ಚುಕಡಿಮೆ ಒಂದೇ ಬಗೆಯದು. ಅದಕ್ಕೆ ‘ಆ’ ಎಂದೋ ‘ಉ’ ಎಂದೋ ರೂಪ ಕೊಡುವುದು ನಾಲಗೆ, ತುಟಿ, ಅಂಗಳಗಳಿಂದಾದ ಬಾಯಿಯ ಪೊಳ್ಳು. ನಾಲಗೆಯ ನಿಲುವಿಗೆ ತಕ್ಕಂತೆ ಆ ಪೊಳ್ಳು ಕೆಲವು ಕಂಪನಗಳನ್ನು ಬಲಪಡಿಸುತ್ತದೆ, ಉಳಿದವನ್ನು ಅಡಗಿಸುತ್ತದೆ. ವಯಸ್ಕ ಗಂಡಸಿನ ‘ಆ’ಕಾರದಲ್ಲಿ ಸೆಕೆಂಡಿಗೆ ಸುಮಾರು 700 ಮತ್ತು 1,200 ಕಂಪನಗಳ ಬಳಿ ಬಲ ಕೂಡಿಕೊಳ್ಳುತ್ತದೆ, ‘ಈ’ಕಾರದಲ್ಲಿ 300ರ ಮತ್ತು 2,300ರ ಆಸುಪಾಸಿನಲ್ಲಿ, ‘ಊ’ಕಾರದಲ್ಲಿ 300ರ ಮತ್ತು 800ರ ಆಸುಪಾಸಿನಲ್ಲಿ. ಧ್ವನಿಯ ಬಲ ಯಾವ ಯಾವ ಕಂಪನಸಂಖ್ಯೆಗಳಲ್ಲಿ ಹೇಗೆ ಹಂಚಿಹೋಗಿದೆ ಎಂಬ ಈ ಹಂಚಿಕೆಯೇ ಆ ಕ್ಷಣದ ಧ್ವನಿಯ ಚಹರೆ.

ಯಾವ ಅಲೆಯನ್ನಾದರೂ ಸರಳ ಕಂಪನಗಳಾಗಿ ಒಡೆದು ತೋರಿಸುವ ವಿಧಾನವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೆ ಶಾಖದ ಹರಿವನ್ನು ಕುರಿತ ತನ್ನ 1822ರ ಗ್ರಂಥದಲ್ಲಿ ವಿಸ್ತರಿಸಿದ. ಆ ಲೆಕ್ಕವನ್ನು ಗಣಕಯಂತ್ರ ಮಿಂಚಿನ ವೇಗದಲ್ಲಿ ಮಾಡುವಂತಹ ಕ್ರಮವನ್ನು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದರು. ಇಂದು ಅದು ಪೈಥಾನಿನ ಗಣಿತಭಂಡಾರವಾದ ನಮ್‌ಪೈಯಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ನಮ್ಮ ಸ್ಕ್ರಿಪ್ಟು ಅದನ್ನು ಹೆಸರು ಹಿಡಿದು ಕರೆದರಾಯಿತು.

ಆದರೆ ಎಷ್ಟು ಉದ್ದದ ಧ್ವನಿಗೆ ಚಹರೆ ತೆಗೆಯಬೇಕು? ಇಡೀ ಪದಕ್ಕೆ ಒಂದೇ ಚಹರೆ ತೆಗೆದರೆ ‘ಆ’ ಮೊದಲೋ ‘ಉ’ ಮೊದಲೋ ಎಂಬ ಕ್ರಮವೇ ಅಳಿಸಿಹೋಗುತ್ತದೆ. ತೀರ ಸಣ್ಣ ಭಾಗಕ್ಕೆ ತೆಗೆದರೆ ಧ್ವನಿತಂತುಗಳ ಒಂದು ಮಿಡಿತವೂ ಅದರಲ್ಲಿ ಪೂರ್ಣವಾಗಿ ಅಡಕವಾಗದು. 25 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ನಲವತ್ತನೆಯ ಒಂದು ಭಾಗ, ಇವೆರಡರ ನಡುವಣ ಹದ: ಅಷ್ಟರಲ್ಲಿ ಗಂಡಸಿನ ಧ್ವನಿತಂತುಗಳು ಎರಡು ಮೂರು ಬಾರಿಯಾದರೂ ಮಿಡಿದಿರುತ್ತವೆ, ನಾಲಗೆ ಮಾತ್ರ ಇದ್ದಲ್ಲಿಂದ ಹೆಚ್ಚು ಕದಲಿರುವುದಿಲ್ಲ. ಇಂತಹ ಒಂದು ತುಣುಕಿನ ಚಹರೆಯನ್ನು ಬರೆದುಕೊಂಡು, 10 ಮಿಲಿಸೆಕೆಂಡು ಮುಂದೆ ಸರಿದು ಮತ್ತೊಂದು ತುಣುಕನ್ನು ತೆಗೆಯುತ್ತ ಹೋದರೆ, ಸೆಕೆಂಡಿಗೆ ನೂರು ಚಹರೆಗಳಾಗುತ್ತವೆ.

ಚಹರೆಯ ಅಂಕಿಗಳನ್ನು ಕಿವಿಯ ರೀತಿಗೆ ಹೊಂದಿಸುವುದು ಮುಂದಿನ ಕೆಲಸ. ನಮ್ಮ ಕಿವಿ ಕೆಳಗಿನ ಕಂಪನಗಳ ನಡುವೆ ಸೂಕ್ಷ್ಮವಾದ ಭೇದವನ್ನು ಕಾಣಬಲ್ಲುದು. 1,000ದಿಂದ ಮೇಲಕ್ಕೆ ಹೋದಂತೆ ಅದರ ಗ್ರಹಣ ಒರಟಾಗುತ್ತದೆ. ಇದನ್ನು ಪ್ರಯೋಗಗಳಿಂದ ಅಳೆದು 1937ರಲ್ಲಿ ಸ್ಟೀವನ್ಸ್ ಮತ್ತು ಸಂಗಡಿಗರು ‘ಮೆಲ್’ ಎಂಬ ಮಾನವೊಂದನ್ನು ಮುಂದಿಟ್ಟರು. ಅದನ್ನು ಅನುಸರಿಸಿ ನಾವು ಕಂಪನಸಂಖ್ಯೆಗಳನ್ನು ಕೆಳಗೆ ಕಿರಿದಾದ, ಮೇಲೆ ಅಗಲವಾದ ಇಪ್ಪತ್ತು ಪಟ್ಟೆಗಳಾಗಿ ವಿಂಗಡಿಸಿ, ಒಂದೊಂದು ಪಟ್ಟೆಯಲ್ಲಿರುವ ಬಲವನ್ನು ಒಂದೇ ಅಂಕಿಯಾಗಿ ಕೂಡಿಸುತ್ತೇವೆ. ಕಿವಿ ಸದ್ದಿನ ಹೆಚ್ಚು ಕಡಮೆಗಳನ್ನು ಇಷ್ಟು ಮಡಿ ಎಂಬ ಪ್ರಮಾಣದಿಂದ ಗ್ರಹಿಸುವುದರಿಂದ, ಆ ಅಂಕಿಗಳ ಬದಲು ಅವುಗಳ ಲಾಗರಿದಮ್ಮನ್ನು ಇಟ್ಟುಕೊಳ್ಳುತ್ತೇವೆ. ಕೊನೆಗೆ, ಇಡೀ ಪದದುದ್ದಕ್ಕೂ ಪ್ರತಿಯೊಂದು ಪಟ್ಟೆಯ ಸರಾಸರಿಯನ್ನು ಕಂಡುಹಿಡಿದು ಅದನ್ನು ಎಲ್ಲ ತುಣುಕುಗಳಿಂದಲೂ ಕಳೆದುಬಿಡುತ್ತೇವೆ. ಇದೊಂದು ಸಾಲಿನ ಲೆಕ್ಕದಿಂದ ಮೈಕಿನ ಗುಣದೋಷವೂ ಧ್ವನಿಯ ಏರುತಗ್ಗೂ ಬಹುಮಟ್ಟಿಗೆ ತೊಡೆದುಹೋಗುತ್ತವೆ. ಅರ್ಧ ಸೆಕೆಂಡಿನ ‘ಆರು’ ಈಗ ಐವತ್ತು ತುಣುಕುಗಳ, ತುಣುಕಿಗೆ ಇಪ್ಪತ್ತು ಅಂಕಿಗಳ ಒಂದು ಕೋಷ್ಟಕ: 8,000 ಇದ್ದದ್ದು 1,000ಕ್ಕೆ ಇಳಿಯಿತು, ಉಳಿದ ಸಾವಿರವೂ ಅರ್ಥವುಳ್ಳದ್ದು.

ಈ ಕೋಷ್ಟಕವನ್ನು ಬಣ್ಣಗಳಲ್ಲಿ ಬರೆದು ಪರದೆಯ ಮೇಲೆ ನೋಡುವ ಅಭ್ಯಾಸವನ್ನು ಓದುಗರು ಮಾಡಿಕೊಳ್ಳಬೇಕೆಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ, ಏಕೆಂದರೆ ಮಾತು ಕಣ್ಣಿಗೆ ಕಾಣುವ ವಸ್ತುವಾಗುವುದು ಅಲ್ಲಿ. ‘ಆರು’ ಎಂಬುದರಲ್ಲಿ ಆಕಾರದ ಅಗಲವಾದ ಹೊಳಪು ಹರಿದು, ನಡುವೆ ಎರಡು ಮೂರು ತುಣುಕುಗಳ ಒಂದು ಸಣ್ಣ ಮಂಕು ಬರುತ್ತದೆ. ನಾಲಗೆಯ ತುದಿ ಅಂಗಳವನ್ನು ಒಮ್ಮೆ ತಟ್ಟಿ ಹಿಂದಿರುಗಿದ ರಕಾರ ಅದೇ. ‘ಮೂರು’ ಎಂಬುದರಲ್ಲಿ ಮೂಗಿನಿಂದ ಬರುವ ಮಕಾರದ ಗುಂಯ್‌ಕಾರ ಕೆಳಗಿನ ಪಟ್ಟೆಗಳಲ್ಲಿ ಮಾತ್ರ ಬೆಳಗುತ್ತದೆ. ‘ಎಂಟು’ ಎಂಬುದರಲ್ಲಿ ಅನುನಾಸಿಕವಾದ ಮೇಲೆ ಎಲ್ಲ ಪಟ್ಟೆಗಳೂ ಒಮ್ಮೆಗೇ ಕಪ್ಪಾಗಿ, ಆ ಕಪ್ಪಿನ ಕೊನೆಗೆ ಟಕಾರದ ಸ್ಫೋಟ ಒಂದು ಲಂಬರೇಖೆಯಾಗಿ ಎದ್ದುನಿಲ್ಲುತ್ತದೆ.

ಇಲ್ಲಿಯೇ ಇನ್ನೊಂದು ಸಂಗತಿಯೂ ಗೋಚರವಾಗುತ್ತದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು, ಹತ್ತು: ಹತ್ತಕ್ಕೆ ಹತ್ತೂ ಉಕಾರಾಂತಗಳೇ. ಹತ್ತು ಕೋಷ್ಟಕಗಳ ಬಲದಂಚೂ ಒಂದೇ ತೆರನಾಗಿ ಕಾಣುತ್ತದೆ. ಎಂದಮೇಲೆ ಯಂತ್ರ ಭೇದವನ್ನು ಕಾಣಬೇಕಾದದ್ದು ಪದದ ಆದಿಯಲ್ಲಿ ಮತ್ತು ಮಧ್ಯದಲ್ಲಿ. ಅಂತ್ಯದ ತುಣುಕುಗಳು ಅದಕ್ಕೆ ಏನನ್ನೂ ಹೇಳುವುದಿಲ್ಲ.

ಮಾತಿನ ಎಲ್ಲೆ

ಮೈಕ್ ಸದಾ ತೆರೆದಿರುತ್ತದೆ. ಪದ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಸ್ಕ್ರಿಪ್ಟೇ ನಿರ್ಣಯಿಸಬೇಕು. ಮೊದಲು ಅರ್ಧ ಸೆಕೆಂಡಿನ ಮೌನವನ್ನು ಕೇಳಿಸಿಕೊಂಡು, ಕೋಣೆಯಲ್ಲಿ ಫ್ಯಾನಿನದೋ ರಸ್ತೆಯದೋ ಸಹಜವಾಗಿ ಇರುವ ಸದ್ದು ಎಷ್ಟೆಂದು ಅಳೆದಿಟ್ಟುಕೊಂಡು, ಧ್ವನಿ ಅದನ್ನು ಸ್ಪಷ್ಟವಾಗಿ ಮೀರಿದಾಗ ಪದ ತೊಡಗಿತೆಂದೂ ಮತ್ತೆ ಅದರ ಮಟ್ಟಕ್ಕೆ ಇಳಿದಾಗ ಮುಗಿಯಿತೆಂದೂ ತಿಳಿಯುವುದು ಸುಲಭಮಾರ್ಗ. ಆದರೆ ಕನ್ನಡದ ‘ಹತ್ತು’ ಈ ಮಾರ್ಗದಲ್ಲಿ ಎರಡು ಕಡೆ ತೊಡಕನ್ನು ಒಡ್ಡುತ್ತದೆ. ಆದಿಯ ಹಕಾರ ಬರಿಯ ಉಸಿರು. ಅದು ಎಷ್ಟು ಕ್ಷೀಣವೆಂದರೆ ಕೋಣೆಯ ಸದ್ದನ್ನು ಮೀರದೆಯೇ ಹೋಗಿಬಿಡುತ್ತದೆ, ಯಂತ್ರಕ್ಕೆ ‘ಅತ್ತು’ ಎಂದಷ್ಟೇ ಕೇಳುತ್ತದೆ. ಆದಕಾರಣ ಪದ ತೊಡಗಿತೆಂದು ಕಂಡ ಎಡೆಯಿಂದ ಹತ್ತು ತುಣುಕುಗಳಷ್ಟು ಹಿಂದಕ್ಕೆ ಸರಿದು ಅಲ್ಲಿಂದ ಎತ್ತಿಕೊಳ್ಳಬೇಕು.

ಎರಡನೆಯ ತೊಡಕು ಇನ್ನೂ ಸ್ವಾರಸ್ಯವಾದುದು. ತಕಾರದ ದ್ವಿತ್ವವನ್ನು ಉಚ್ಚರಿಸುವಾಗ ನಾಲಗೆ ಹಲ್ಲಿಗೆ ಒತ್ತಿ ನಿಂತು ಉಸಿರನ್ನು ಸಂಪೂರ್ಣವಾಗಿ ತಡೆಯುತ್ತದೆ; ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಬಾಯಿಂದ ಯಾವ ಶಬ್ದವೂ ಹೊರಡುವುದಿಲ್ಲ. ಪದದ ಒಡಲೊಳಗೇ ಇರುವ ಈ ಮೌನವನ್ನು ಪದದ ಅಂತ್ಯವೆಂದು ಭ್ರಮಿಸಿದ ಸ್ಕ್ರಿಪ್ಟು ‘ಹ’ ಎಂಬೊಂದು ಪದವನ್ನೂ ‘ತು’ ಎಂಬ ಇನ್ನೊಂದು ಪದವನ್ನೂ ಕೇಳಿದಂತೆ ವರ್ತಿಸುತ್ತದೆ. ಮೌನ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಅಖಂಡವಾಗಿ ಮುಂದುವರಿದರೆ ಮಾತ್ರ ಪದ ಮುಗಿಯಿತೆಂದು ತಿಳಿಯಬೇಕೆಂದು ವಿಧಿಸಿದರೆ ತೊಡಕು ನಿವಾರಣೆಯಾಗುತ್ತದೆ.

ಕಾಲ ಹೊಂದಿಕೆ

ಈಗ ಮೊದಲ ಪ್ರಶ್ನೆಗೆ ಬರೋಣ. ಹತ್ತು ಪದಗಳನ್ನೂ ತಲಾ ಮೂರು ಬಾರಿ ಹೇಳಿ ಕೋಷ್ಟಕಗಳನ್ನು ಮಾದರಿಗಳಾಗಿ ಕಾದಿಟ್ಟಿದ್ದೇವೆ. ಹೊಸದೊಂದು ಮಾತು ಬಂದಿದೆ. ಮಾದರಿಯಲ್ಲಿ ಐವತ್ತು ತುಣುಕುಗಳಿವೆ, ಹೊಸ ಮಾತಿನಲ್ಲಿ ಎಪ್ಪತ್ತಿವೆ. ಯಾವ ತುಣುಕನ್ನು ಯಾವುದರೊಡನೆ ಹೋಲಿಸಬೇಕು?

ಈ ಬಗೆಯ ಯಂತ್ರಗಳಲ್ಲಿ ಮೊದಲಿನವುಗಳಲ್ಲಿ ಒಂದನ್ನು 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೇವಿಸ್, ಬಿಡಲ್ಫ್, ಬಾಲಶೆಕ್ ಎಂಬ ಮೂವರು ನಿರ್ಮಿಸಿದರು. ‘ಆಡ್ರಿ’ ಎಂದು ಹೆಸರಾದ ಅದು ಇಂಗ್ಲಿಷಿನ ಹತ್ತು ಅಂಕಿಗಳನ್ನು, ತನಗೆ ಹೊಂದಿಸಿದ ಒಬ್ಬನ ಧ್ವನಿಯಲ್ಲಿ, ಪದಪದಕ್ಕೂ ನಿಲ್ಲಿಸಿ ಹೇಳಿದರೆ ಗುರುತಿಸುತ್ತಿತ್ತು. 1962ರಲ್ಲಿ ಸಿಯಾಟಲ್ ನಗರದ ವಿಶ್ವಪ್ರದರ್ಶನದಲ್ಲಿ ಐಬಿಎಂ ಸಂಸ್ಥೆ ತೋರಿಸಿದ ‘ಶೂಬಾಕ್ಸ್’ ಯಂತ್ರಕ್ಕೆ ಹದಿನಾರು ಪದಗಳು ಬರುತ್ತಿದ್ದವು. ಆದರೆ ಕಾಲದ ಹಿಗ್ಗುಕುಗ್ಗುಗಳನ್ನು ಲೆಕ್ಕಕ್ಕೆ ತಂದುಕೊಳ್ಳುವ ಸುಸಂಬದ್ಧವಾದ ಉಪಾಯವನ್ನು 1968ರಲ್ಲಿ ಕೀವ್ ನಗರದ ತರಾಸ್ ವಿನ್ಸ್ಯುಕ್ ಪ್ರಕಟಿಸಿದ. ಜಪಾನಿನ ಸಕೋಯೆ ಮತ್ತು ಚಿಬ ಅದೇ ತತ್ತ್ವವನ್ನು ಸ್ವತಂತ್ರವಾಗಿ ಬೆಳೆಸಿ 1978ರ ತಮ್ಮ ಪ್ರಬಂಧದಲ್ಲಿ ಅದಕ್ಕೆ ನಿಖರವಾದ ರೂಪವನ್ನಿತ್ತರು. ಇಂಗ್ಲಿಷಿನಲ್ಲಿ ಡೈನಮಿಕ್ ಟೈಮ್ ವಾರ್ಪಿಂಗ್ ಎಂದು ಕರೆಯುವ ಇದನ್ನು ನಾವು ಕಾಲ ಹೊಂದಿಕೆ ಎನ್ನೋಣ.

ಗಮಕಿಯೊಬ್ಬರು ಕುಮಾರವ್ಯಾಸನ ಭಾರತವನ್ನು ವಾಚನ ಮಾಡುತ್ತಿರುವಾಗ, ಅದೇ ಗ್ರಂಥವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಸಾಲಿನ ಮೇಲೆ ಬೆರಳು ಸರಿಸುತ್ತ ಕೇಳುವ ಹಿರಿಯರನ್ನು ಅನೇಕರು ಕಂಡಿರಬಹುದು. ಗಮಕಿ ಒಂದು ಅಕ್ಷರದ ಮೇಲೆ ನಿಂತು ರಾಗವನ್ನು ವಿಸ್ತರಿಸಿದರೆ ಬೆರಳು ಆ ಅಕ್ಷರದಲ್ಲಿಯೇ ನಿಲ್ಲುತ್ತದೆ. ಅವರು ಒಂದೆರಡು ಗಣಗಳನ್ನು ತ್ವರೆಯಿಂದ ಹೇಳಿ ಮುಗಿಸಿದರೆ ಬೆರಳೂ ತ್ವರೆಯಿಂದ ಹರಿಯುತ್ತದೆ. ಪುಸ್ತಕದಲ್ಲಿರುವ ಅಕ್ಷರಗಳ ಅಂತರ ಸಮನಾದುದು, ವಾಚನದ ಕಾಲ ವಿಷಮವಾದುದು. ಆದರೂ ಸಾಲಿನ ಆದಿಯಲ್ಲಿ ಬೆರಳೂ ಧ್ವನಿಯೂ ಕೂಡಿ ಹೊರಟು, ಅಂತ್ಯದಲ್ಲಿ ಕೂಡಿ ಮುಟ್ಟುತ್ತವೆ. ಬೆರಳು ಹಿಂದಕ್ಕೆ ಸರಿಯುವುದಿಲ್ಲ, ಅಕ್ಷರವನ್ನು ಹಾರಿಸುವುದಿಲ್ಲ. ಕಾಲ ಹೊಂದಿಕೆ ಮಾಡುವುದು ಈ ಬೆರಳಿನ ಕೆಲಸವನ್ನೇ: ಮಾದರಿಯೇ ಗ್ರಂಥ, ಹೊಸ ಮಾತೇ ವಾಚನ. ಬೆರಳು ಎಷ್ಟು ಚೆನ್ನಾಗಿ ಹೊಂದಿ ನಡೆಯಿತೆಂಬುದೇ ಅವೆರಡರ ಸಾಮ್ಯದ ಅಳತೆ. ಕೈಯಲ್ಲಿರುವುದು ಬೇರೊಂದು ಪರ್ವದ ಪುಟವಾಗಿದ್ದರೆ ಬೆರಳು ಎಲ್ಲಿ ನಿಂತರೂ ಹೊಂದಿಕೆ ಕೂಡಿಬರಲಾರದು.

ಯಂತ್ರದಲ್ಲಿ ಇದು ಚೌಕಮನೆಗಳ ಒಂದು ದೊಡ್ಡ ಪಟದ ಮೇಲೆ ನಡೆಯುತ್ತದೆ. ಮಾದರಿಯ ತುಣುಕುಗಳನ್ನು ಕೆಳಗಿನಿಂದ ಮೇಲಕ್ಕೂ ಹೊಸ ಮಾತಿನ ತುಣುಕುಗಳನ್ನು ಎಡದಿಂದ ಬಲಕ್ಕೂ ಬರೆದು, ಪ್ರತಿಯೊಂದು ಮನೆಯಲ್ಲಿಯೂ ಆ ಎರಡು ತುಣುಕುಗಳ ಚಹರೆಗಳ ನಡುವಣ ವ್ಯತ್ಯಾಸವನ್ನು ದಾಖಲಿಸಬೇಕು. ಕೆಳಗಿನ ಎಡಮೂಲೆಯಿಂದ ಹೊರಟು ಮೇಲಿನ ಬಲಮೂಲೆಯನ್ನು ಸೇರುವ ದಾರಿಯೊಂದೊಂದೂ ಒಂದೊಂದು ರೀತಿಯ ಹೊಂದಿಕೆ. ಬಲಕ್ಕೆ ಇಟ್ಟ ಹೆಜ್ಜೆ ಮಾತು ಹಿಗ್ಗಿದ್ದನ್ನು ಸೂಚಿಸುತ್ತದೆ, ಮೇಲಕ್ಕೆ ಇಟ್ಟದ್ದು ಕುಗ್ಗಿದ್ದನ್ನು. ಓರೆಯಾಗಿ ಇಟ್ಟದ್ದು ಎರಡೂ ಸಮನಾಗಿ ಸಾಗಿದ್ದನ್ನು. ದಾರಿಯಲ್ಲಿ ತುಳಿದ ಮನೆಗಳ ವ್ಯತ್ಯಾಸಗಳ ಮೊತ್ತ ಯಾವ ದಾರಿಯಲ್ಲಿ ಅತ್ಯಂತ ಕಡಮೆಯೋ ಅದೇ ಸರಿಯಾದ ಹೊಂದಿಕೆ.

ಇಂತಹ ದಾರಿಗಳ ಸಂಖ್ಯೆಯಾದರೋ ಭಯಂಕರ. ಐವತ್ತಕ್ಕೆ ಐವತ್ತು ಮನೆಗಳ ಪಟದಲ್ಲಿಯೇ ಅದು ಮೂವತ್ತಕ್ಕೂ ಹೆಚ್ಚು ಅಂಕಿಗಳುಳ್ಳ ಸಂಖ್ಯೆ. ಒಂದೊಂದಾಗಿ ಪರೀಕ್ಷಿಸಲು ಯಾವ ಯಂತ್ರಕ್ಕೂ ಯುಗಗಳು ಸಾಲವು. ಇಲ್ಲಿ ನೆರವಿಗೆ ಬರುವುದು ರಿಚರ್ಡ್ ಬೆಲ್ಮನ್ ಎಂಬ ಅಮೆರಿಕನ್ ಗಣಿತಜ್ಞ 1950ರ ದಶಕದಲ್ಲಿ ಪ್ರತಿಪಾದಿಸಿದ ಒಂದು ತತ್ತ್ವ, ಮತ್ತು ಅದರ ಸರಳತೆಯನ್ನು ಕಂಡಾಗಲೆಲ್ಲ ನನಗೆ ಗೌರವವುಂಟಾಗುತ್ತದೆ. ಯಾವ ಮನೆಗಾದರೂ ಬಂದು ಸೇರಬೇಕಾದರೆ ಅದರ ಎಡದ ಮನೆಯಿಂದ, ಕೆಳಗಿನ ಮನೆಯಿಂದ, ಅಥವಾ ಓರೆಯಾಗಿ ಕೆಳಎಡದಲ್ಲಿರುವ ಮನೆಯಿಂದ ಬರಬೇಕಷ್ಟೆ. ಆ ಮೂರು ಮನೆಗಳವರೆಗೆ ತಲಪುವ ಅತ್ಯಲ್ಪ ಮೊತ್ತಗಳು ಮೊದಲೇ ಗೊತ್ತಿದ್ದರೆ, ಅವುಗಳಲ್ಲಿ ಕನಿಷ್ಠವಾದುದನ್ನು ಆರಿಸಿ ಈ ಮನೆಯ ವ್ಯತ್ಯಾಸವನ್ನು ಕೂಡಿಸಿದರೆ ಇದರ ಅತ್ಯಲ್ಪ ಮೊತ್ತವೂ ಸಿದ್ಧ. ಹಿಂದೆ ಬಂದ ದಾರಿ ಯಾವುದೆಂದು ಮತ್ತೆ ವಿಚಾರಿಸಬೇಕಾದುದೇ ಇಲ್ಲ. ಹೀಗೆ ಮೂಲೆಯಿಂದ ತೊಡಗಿ ಮನೆಮನೆಯನ್ನೂ ಒಮ್ಮೆ ಮಾತ್ರ ತುಂಬುತ್ತ ಹೋದರೆ, 2,500 ಸಣ್ಣ ಲೆಕ್ಕಗಳಾಗುವಷ್ಟರಲ್ಲಿ ಕೊನೆಯ ಮನೆಯಲ್ಲಿ ಉತ್ತರ ನಿಂತಿರುತ್ತದೆ. ಅದನ್ನು ದಾರಿಯ ಉದ್ದದಿಂದ ಭಾಗಿಸಿದರೆ ಉದ್ದ ಪದಕ್ಕೂ ಗಿಡ್ಡ ಪದಕ್ಕೂ ನ್ಯಾಯ ಒಂದೇ ಆಗುತ್ತದೆ. ಮೂವತ್ತು ಮಾದರಿಗಳಿಗೆ ಒಟ್ಟು 75,000 ಮನೆಗಳು. ಇಂದಿನ ಮೇಜುಗಣಕಕ್ಕೆ ಇದು ಅತಿ ಸಣ್ಣ ಶ್ರಮ. ಯಾವ ಮಾದರಿಯ ಕೊನೆಯ ಮನೆಯ ಅಂಕಿ ಎಲ್ಲಕ್ಕಿಂತ ಕಿರಿದೋ, ಆಡಿದ ಮಾತು ಅದೇ.

ಹಿಗ್ಗಿಗೂ ಮಿತಿಯುಂಟು

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಕನ್ನಡದಲ್ಲಿ ಇಂತಹ ಸ್ಕ್ರಿಪ್ಟನ್ನು ಬರೆಯುವವರು ಇಲ್ಲಿಗೆ ನಿಲ್ಲಬಾರದು. ಕಾಲ ಹೊಂದಿಕೆ ಯಾವ ಹಿಗ್ಗನ್ನೂ ಕುಗ್ಗನ್ನೂ ಕ್ಷಮಿಸುತ್ತದೆ. ನಮ್ಮ ಭಾಷೆಯಲ್ಲಾದರೋ ಹಿಗ್ಗುಕುಗ್ಗುಗಳಲ್ಲಿಯೇ ಅರ್ಥವಿದೆ. ‘ಬಿಡು’ ಬೇರೆ, ‘ಬೀಡು’ ಬೇರೆ. ‘ಕಡು’ ಬೇರೆ, ‘ಕಾಡು’ ಬೇರೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ನಾವೆಲ್ಲರೂ ಶಾಲೆಯಲ್ಲಿ ಲಘುಗುರುಗಳೊಡನೆ ಕಲಿತಿದ್ದೇವೆ. ಅಳೆದು ನೋಡಿದರೂ ದೀರ್ಘಸ್ವರದ ಕಾಲ ಹ್ರಸ್ವದ ಇಮ್ಮಡಿಯ ಆಸುಪಾಸಿನಲ್ಲಿರುತ್ತದೆ. ‘ಕತೆ’ ಮತ್ತು ‘ಕತ್ತೆ’ಗಳ ವಿಷಯದಲ್ಲಂತೂ ಹಿಗ್ಗುವುದು ಧ್ವನಿಯೂ ಅಲ್ಲ, ತಕಾರದ ಮೊದಲಿನ ಮೌನ: ಆ ಮೌನ ಗಿಡ್ಡವಾದರೆ ಒಂದು ಅರ್ಥ, ಉದ್ದವಾದರೆ ಮತ್ತೊಂದು. ಮೌನದ ತುಣುಕುಗಳೆಲ್ಲ ಒಂದೇ ಚಹರೆಯುಳ್ಳವಾದ್ದರಿಂದ, ಬಲಕ್ಕೆ ನಾಲ್ಕಾರು ಹೆಜ್ಜೆಗಳನ್ನು ಬಿಟ್ಟಿಯಾಗಿ ಇಟ್ಟು ‘ಕತ್ತೆ’ಯನ್ನು ‘ಕತೆ’ಯ ಮಾದರಿಗೆ ಹೊಂದಿಸಲು ಯಂತ್ರಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ.

ಹಾಗಾದರೆ ಕ್ಷಮೆಯನ್ನೇ ತೆಗೆದುಹಾಕಬೇಕೆ? ತೆಗೆದರೆ ಅಂಗಡಿಯಲ್ಲಿ ಹೇಳಿದ ‘ಆರು’ ಅಜ್ಜನಿಗೆ ಹೇಳಿದ ‘ಆರು’ ಆಗದು. ಸಕೋಯೆ ಮತ್ತು ಚಿಬ ದಾರಿಯ ಇಳಿಜಾರಿಗೆ ಮಿತಿಯನ್ನು ವಿಧಿಸಿ ಪರೀಕ್ಷಿಸಿದರು. ಬಲಕ್ಕೋ ಮೇಲಕ್ಕೋ ಒಂದು ಹೆಜ್ಜೆ ಇಟ್ಟಮೇಲೆ ಓರೆಯಾಗಿ ಒಂದು ಹೆಜ್ಜೆಯನ್ನಾದರೂ ಇಡಲೇಬೇಕೆಂಬ ನಿಯಮ ಅವರಿಗೆ ಉತ್ತಮ ಫಲವನ್ನು ಕೊಟ್ಟಿತು. ಇದರಿಂದ ಎಳೆತ ಇಮ್ಮಡಿಗಿಂತ ಹೆಚ್ಚು ಆಗಲಾರದು. ಆದರೆ ನಮ್ಮ ಹ್ರಸ್ವದೀರ್ಘಗಳ ಅಂತರವೇ ಇಮ್ಮಡಿಯಾದ್ದರಿಂದ ಈ ಬೇಲಿ ನಮಗೆ ಸಾಲದು.

ದಾರಿ ತೋರಿಸುವುದು ಮಾತಿನ ಸ್ವಭಾವವೇ. ಒಬ್ಬನು ನಿಧಾನವಾಗಿ ಮಾತಾಡಿದಾಗ ಅವನ ‘ಬಿಡು’ವಿನ ಇಕಾರವೊಂದೇ ಬೆಳೆಯುವುದಿಲ್ಲ, ಕೊನೆಯ ಉಕಾರವೂ ಜೊತೆಗೆ ಬೆಳೆಯುತ್ತದೆ, ‘ಬೀಡು’ ಎಂದಾಗಲಾದರೋ ಮೊದಲ ಸ್ವರ ಮಾತ್ರ ಉಳಿದುದರ ಲೆಕ್ಕಕ್ಕೆ ಮೀರಿ ಬೆಳೆದಿರುತ್ತದೆ. ಅರ್ಥವಿರುವುದು ಕಾಲದ ಮೊತ್ತದಲ್ಲಿ ಅಲ್ಲ, ಪದದೊಳಗಣ ಕಾಲಗಳ ಪರಸ್ಪರ ಪ್ರಮಾಣದಲ್ಲಿ. ಆದ್ದರಿಂದ ಮೊದಲು ಇಡೀ ಪದವನ್ನು ಸಮನಾಗಿ ಕುಗ್ಗಿಸಿಯೋ ಹಿಗ್ಗಿಸಿಯೋ ಮಾದರಿಯ ಉದ್ದಕ್ಕೆ ತರಬೇಕು. ಇದರಿಂದ ಮಾತಿನ ಒಟ್ಟು ವೇಗದ ಭೇದ ನಿವಾರಣೆಯಾಗುತ್ತದೆ. ಆಮೇಲೆ ಕಾಲ ಹೊಂದಿಕೆಗೆ ಒಪ್ಪಿಸುವಾಗ, ಓರೆಯಲ್ಲದ ಹೆಜ್ಜೆಯೊಂದೊಂದಕ್ಕೂ ಒಂದು ಸಣ್ಣ ದಂಡವನ್ನು ಮೊತ್ತಕ್ಕೆ ಕೂಡಿಸಬೇಕು. ಸ್ವಲ್ಪ ಎಳೆದರೆ ದಂಡ ಅಲ್ಪ, ದೀರ್ಘವನ್ನು ಹ್ರಸ್ವವಾಗಿಸಹೊರಟರೆ ದಂಡ ಭಾರಿ. ದಂಡ ಎಷ್ಟಿರಬೇಕೆಂಬುದನ್ನು ‘ಬಿಡು–ಬೀಡು’, ‘ಕತೆ–ಕತ್ತೆ’ಗಳಂತಹ ಜೋಡಿಗಳನ್ನು ಹಲವು ಬಾರಿ ನುಡಿದು, ಎರಡೂ ಬೇರ್ಪಡುವವರೆಗೆ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ನಿಶ್ಚಯಿಸಬಹುದು. ನಮ್ಮ ಹತ್ತು ಸಂಖ್ಯೆಗಳಲ್ಲಿ ಇಂತಹ ಜೋಡಿ ಇಲ್ಲ. ಆದರೆ ಪದಗಳ ಪಟ್ಟಿ ಬೆಳೆದಂತೆ ಅವು ತಪ್ಪದೆ ಬರುತ್ತವೆ, ಮತ್ತು ಇದೊಂದು ಸಾಲನ್ನು ಬರೆದಿಡದ ಸ್ಕ್ರಿಪ್ಟು ಕನ್ನಡವನ್ನು ಕೇಳುವ ಸ್ಕ್ರಿಪ್ಟಲ್ಲವೆಂದೇ ನನ್ನ ಅಭಿಪ್ರಾಯ.

ಯಾವುದೂ ಅಲ್ಲ ಎನ್ನುವುದು

ಕೆಮ್ಮಿದರೂ, ಕುರ್ಚಿ ಎಳೆದರೂ, ನೆರೆಮನೆಯ ನಾಯಿ ಬೊಗಳಿದರೂ ಮೂವತ್ತು ಮಾದರಿಗಳಲ್ಲಿ ಯಾವುದೋ ಒಂದು ಅದಕ್ಕೆ ಉಳಿದವಕ್ಕಿಂತ ಹತ್ತಿರವಾಗಿಯೇ ಇರುತ್ತದೆ. ಕನಿಷ್ಠವನ್ನು ಆರಿಸುವುದಷ್ಟೇ ಗೊತ್ತಿರುವ ಯಂತ್ರ ಕೆಮ್ಮನ್ನು ‘ಹತ್ತು’ ಎಂದು ತಿಳಿದು ಆ ಕೆಲಸವನ್ನು ಮಾಡಿಬಿಡುತ್ತದೆ. ಇದನ್ನು ತಡೆಯಲು ನಮ್ಮ ಮಾದರಿಗಳನ್ನೇ ಪರಸ್ಪರ ಹೋಲಿಸಬೇಕು. ಒಂದೇ ಪದದ ಮೂರು ಮಾದರಿಗಳ ನಡುವೆ ಇರುವ ದೂರಗಳು ಒಂದು ಗುಂಪಾಗಿಯೂ ಬೇರೆ ಬೇರೆ ಪದಗಳ ನಡುವಣ ದೂರಗಳು ಇನ್ನೊಂದು ಗುಂಪಾಗಿಯೂ ನಿಲ್ಲುತ್ತವೆ. ಅವೆರಡರ ನಡುವೆ ಗೆರೆ ಎಳೆದು, ಅದನ್ನು ಮೀರಿದ ಸದ್ದಿಗೆ ಉತ್ತರ ಕೊಡಬೇಡವೆಂದು ವಿಧಿಸಬೇಕು. ಮೊದಲನೆಯ ಮತ್ತು ಎರಡನೆಯ ಪದಗಳು ತೀರ ಸಮೀಪವಾಗಿ ಬಂದಾಗಲೂ ಸುಮ್ಮನಿದ್ದು ಮತ್ತೊಮ್ಮೆ ಹೇಳಿಸಿಕೊಳ್ಳುವುದು ಉಚಿತ.

ಯಾರ ಧ್ವನಿ, ಯಾವ ಭಾಷೆ

ಈ ಸ್ಕ್ರಿಪ್ಟು ಮಾದರಿ ಕೊಟ್ಟವರ ಧ್ವನಿಯನ್ನು ಚೆನ್ನಾಗಿಯೂ ಇತರರದನ್ನು ಅರೆಬರೆಯಾಗಿಯೂ ಗುರುತಿಸುತ್ತದೆ. ಗಂಟಲಿನಿಂದ ತುಟಿಯವರೆಗಿನ ನಾಳ ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರು. ಹೆಂಗಸರಲ್ಲಿ ಅದಕ್ಕಿಂತ ಗಿಡ್ಡ, ಮಕ್ಕಳಲ್ಲಿ ಇನ್ನೂ ಗಿಡ್ಡ. ನಾಳ ಗಿಡ್ಡವಾದಷ್ಟೂ ಬಲ ಕೂಡುವ ಕಂಪನಸಂಖ್ಯೆಗಳೆಲ್ಲ ಮೇಲಕ್ಕೆ ಸರಿಯುತ್ತವೆ, ಚಹರೆ ಬದಲಾಗುತ್ತದೆ. ಮನೆಯವರೆಲ್ಲರೂ ತಮ್ಮ ತಮ್ಮ ಮಾದರಿಗಳನ್ನು ಕೂಡಿಸಿದರೆ ಇದಕ್ಕೆ ಪರಿಹಾರ.

ಮೊಬೈಲಿನೊಳಗಿನ ಇಂದಿನ ವ್ಯವಸ್ಥೆಗಳು ಸಾವಿರಾರು ಜನರ ಧ್ವನಿಗಳಿಂದ ಕಲಿತವು. 2022ರಲ್ಲಿ ಹೊರಬಂದ ‘ವಿಸ್ಪರ್’ ಎಂಬ ವ್ಯವಸ್ಥೆಗೆ 6,80,000 ಗಂಟೆಗಳ ಧ್ವನಿಮುದ್ರಣವನ್ನು ಕೇಳಿಸಿದ್ದರು. ಅಷ್ಟು ಸಂಪತ್ತು ಎಲ್ಲ ಭಾಷೆಗಳಿಗೂ ಇಲ್ಲ. ನಮ್ಮ ಕಿರಿಯ ಸ್ಕ್ರಿಪ್ಟಿನ ಹಿರಿಯ ಗುಣ ನನಗೆ ಕಾಣುವುದು ಇಲ್ಲಿಯೇ: ಅದಕ್ಕೆ ಯಾವ ಭಾಷೆಯೂ ತಿಳಿಯದು, ಆದುದರಿಂದ ಯಾವ ಭಾಷೆಯೂ ಅದಕ್ಕೆ ಪರಕೀಯವಲ್ಲ. ಮಂಗಳೂರಿನ ಮನೆಯಲ್ಲಿ ತುಳುವಿನಲ್ಲಿ, ಮಡಿಕೇರಿಯಲ್ಲಿ ಕೊಡವ ತಕ್ಕಿನಲ್ಲಿ, ಕಾರವಾರದಲ್ಲಿ ಕೊಂಕಣಿಯಲ್ಲಿ ಮೂವತ್ತು ಮಾದರಿಗಳನ್ನು ಕೊಟ್ಟರೆ ಅದು ಆ ಮನೆಯ ಮಾತಿಗೆ ಅಂದೇ ಓಗೊಡುತ್ತದೆ. ಇಂಟರ್‌ನೆಟ್ ಬೇಡ, ಆಡಿದ ಮಾತು ಮನೆಯ ಯಂತ್ರವನ್ನು ದಾಟಿ ಹೊರಗೆ ಹೋಗುವುದೂ ಇಲ್ಲ.

ಅದಕ್ಕೆ ಆಗದ ಕೆಲಸವೊಂದಿದೆ. ಪದಪದಗಳ ನಡುವೆ ನಿಲ್ಲದೆ ಹರಿಯುವ ಸಹಜವಾದ ಮಾತಿನಲ್ಲಿ ಎಲ್ಲೆಯನ್ನು ತೋರಿಸುವ ಮೌನವೇ ಇರುವುದಿಲ್ಲ. ಕನ್ನಡದಲ್ಲಂತೂ ಸಂಧಿಗಳಿಂದ ಪದದ ಅಂಚು ಕರಗಿ ಮುಂದಿನದರೊಳಗೆ ಬೆರೆತಿರುತ್ತದೆ, ಪ್ರತ್ಯಯಗಳಿಂದ ಒಂದೊಂದು ಧಾತುವೂ ನೂರಾರು ರೂಪಗಳನ್ನು ತಾಳುತ್ತದೆ. ಅಷ್ಟಕ್ಕೂ ಒಂದೊಂದು ಮಾದರಿಯನ್ನು ಯಾರು ಕೊಟ್ಟಾರು? ಆಂಧ್ರದ ಚಿತ್ತೂರು ಸೀಮೆಯಲ್ಲಿ ಹುಟ್ಟಿ, ಮುಂದೆ 1994ರ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದ ರಾಜ್ ರೆಡ್ಡಿಯವರ ಬಳಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ‘ಹಾರ್ಪಿ’ ಎಂಬ ವ್ಯವಸ್ಥೆ 1976ರಲ್ಲಿ 1,011 ಪದಗಳಿಂದಾದ ಸಂತತ ವಾಕ್ಯಗಳನ್ನು ಗ್ರಹಿಸಿತು. ಅದರಲ್ಲಿ ಮಾದರಿಗಳು ಇಡಿಯ ಪದಗಳದ್ದಲ್ಲ, ಪದಕ್ಕಿಂತ ಕಿರಿದಾದ ಧ್ವನಿಗಳದ್ದು. ಯಾವ ಧ್ವನಿಯ ಬಳಿಕ ಯಾವುದು ಬರಬಹುದೆಂಬುದರ ಒಂದು ಮಹಾಜಾಲ ಅದರೊಳಗಿತ್ತು. ಆ ಜಾಲದಲ್ಲಿ ಅತ್ಯುತ್ತಮವಾದ ದಾರಿಯನ್ನು ಹುಡುಕುವಾಗ ಅದು ಪ್ರತಿಯೊಂದು ಹೆಜ್ಜೆಯಲ್ಲಿಯೂ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ ಕೆಲವೇ ದಾರಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಅಲ್ಲಿಯೇ ಕೈಬಿಡುತ್ತಿತ್ತು. ಆ ಜಾಲವನ್ನು ಹೆಣೆಯುವ ಬಗೆ ಮುಂದಿನ ಅಧ್ಯಾಯದ ವಿಷಯ.